ಗೀಟಿಲ್ಲದ ಪುಟಗಳಲ್ಲಿ ನಿಂತ ದನಿ

ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ನಾನು ಮುಖದಲ್ಲಿ ಏನೂ ತೋರಿಸಿಕೊಳ್ಳದೆ ಕೇಳುತ್ತಿದ್ದೆ. ಮನಸ್ಸು ಮಾತ್ರ ಆಗಲೇ ಕಾರಣ ಹುಡುಕಲು ಶುರುಮಾಡಿರುತ್ತಿತ್ತು. ಆಳಂದದ ಗ್ರಂಥಾಲಯದಲ್ಲಿ ಕೆಲಸ ಮಾಡುವಾಗ ಅಲ್ಲಿಯ ಜವಾನರು, ಒಂದು ಕಪಾಟಿನ ಬಾಗಿಲು ಸಂಜೆ ತಾನಾಗಿಯೇ ತೆರೆದುಕೊಳ್ಳುತ್ತದೆ ಎಂದು ಹೇಳಿದ್ದರು. ನಾನು ಒಂದು ಗೋಲಿ ತಂದು ನೆಲದ ಮೇಲಿಟ್ಟು, ಅದು ಕಪಾಟಿನ ಕಡೆಯಿಂದ ಹೊರಗೆ ಉರುಳುವುದನ್ನು ತೋರಿಸಿದೆ. ನೆಲ ಇಳಿಜಾರಾಗಿತ್ತು, ಅಷ್ಟೇ. ಅವರು ಗೋಲಿಯನ್ನೂ ನನ್ನನ್ನೂ ನೋಡಿ, "ಅದೂ ಖರೇನೇ ಬಿಡ್ರಿ" ಎಂದರು. ಆದರೆ ಆ ಕಪಾಟಿಗೆ ಊದಿನಕಡ್ಡಿ ಹಚ್ಚುವುದನ್ನು ಬಿಡಲಿಲ್ಲ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದೆ ಹೇಳಲಿರುವುದಕ್ಕೆ ನನ್ನ ಹತ್ತಿರ ಗೋಲಿ ಇಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಕಲಬುರಗಿಯಲ್ಲಿ ಗ್ರಂಥಾಲಯ ವಿಜ್ಞಾನ ಓದಿ ಮುಗಿಸಿದ ನನಗೆ ಸಿಕ್ಕ ಮೊದಲ ಕೆಲಸ, ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅವುಗಳನ್ನು ಹುಡುಕಬಲ್ಲ, ಓದಿಸಬಲ್ಲ ಪಠ್ಯವಾಗಿ ಮಾರ್ಪಡಿಸುವುದು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ಊರುಗಳು ನನ್ನ ಪಾಲಿಗೆ ಬಂದಿದ್ದವು. ಒಂದೊಂದು ಊರಿನಲ್ಲಿ ಕೆಲವು ತಿಂಗಳು. ಸ್ಕ್ಯಾನರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದೆ. ಕಂಡಕ್ಟರುಗಳು ಅದನ್ನು ಹೊಲಿಗೆ ಯಂತ್ರವೆಂದೇ ತಿಳಿದು ಲಗೇಜು ಕೇಳುತ್ತಿದ್ದರು.

ಓಸಿಆರ್ ಎಂದು ಎಲ್ಲರೂ ಕರೆಯುವ ಆ ತಂತ್ರದ ಬಗ್ಗೆ ನನಗೆ ಆಗಲೂ ಈಗಲೂ ಇರುವುದು ಗೌರವ. ಸ್ಕ್ಯಾನರಿಗೆ ಪುಟವೆಂದರೆ ಬರಿಯ ಚಿತ್ರ; ಅದರಲ್ಲಿರುವುದು ಮಸಿಯೋ ಅಕ್ಷರವೋ ಅದಕ್ಕೆ ತಿಳಿಯದು. ಓಸಿಆರ್ ತಂತ್ರಾಂಶ ಆ ಚಿತ್ರದ ಒಂದೊಂದು ಗೆರೆಯನ್ನೂ ನೋಡಿ, ಇದು ತಲೆಕಟ್ಟು, ಇದು ಕೊಂಬು, ಇದು ಕೆಳಗೆ ಬಂದು ಕುಳಿತ ಒತ್ತು ಎಂದು ಗುರುತಿಸಿ ಮಾತನ್ನಾಗಿ ಮಾಡುತ್ತದೆ. ಹಳೆಯ ಅಚ್ಚುಮೊಳೆಗಳು ಸವೆದಿರುತ್ತವೆ, ಮಸಿ ಹಿಂಬದಿಗೆ ಇಳಿದಿರುತ್ತದೆ, ಅಂಚನ್ನು ಹುಳು ತಿಂದಿರುತ್ತದೆ. ಆದರೂ ಅದು ಓದುತ್ತದೆ. ತಪ್ಪು ಮಾಡುತ್ತದೆ, ಮನುಷ್ಯರು ತಿದ್ದಬೇಕಾಗುತ್ತದೆ. ಆದರೆ ಎಷ್ಟೋ ವರ್ಷಗಳಿಂದ ಯಾರೂ ತೆರೆಯದಿದ್ದ ಪುಸ್ತಕದ ಸಾಲು ತೆರೆಯ ಮೇಲೆ ಸ್ವಚ್ಛವಾಗಿ ಎದ್ದು ಬಂದಾಗ ಆಗುವ ಸಂತೋಷ ಹಳೆಯದಾಗಲಿಲ್ಲ. ಆಳಂದಕ್ಕೆ ಒಮ್ಮೆ ಖಜೂರಿಯಿಂದ ವಯಸ್ಸಾದ ಲಾರಿ ಚಾಲಕರೊಬ್ಬರು ಬಂದಿದ್ದರು. ತಮ್ಮ ಊರಿನ ಹೆಸರು ಹುಡುಕಿ ತೋರಿಸಲು ಹೇಳಿದರು. ತೆರೆಯ ಮೇಲೆ ಒಂದರ ಕೆಳಗೊಂದು ಪುಸ್ತಕಗಳ ಹೆಸರು ಬಂದವು. ಅವರು ಬಹಳ ಹೊತ್ತು ನೋಡಿ, "ಇಷ್ಟು ಪುಸ್ತಕದಾಗ ನಮ್ಮೂರು ಅದ ಅಂತ ಗೊತ್ತೇ ಇರ್ಲಿಲ್ರಿ. ನಾ ಲಾರಿ ಹಿಂದಷ್ಟೇ ಬರ್ಸಿದ್ದೆ" ಎಂದರು.

ಅಫಜಲಪುರಕ್ಕೆ ಬಂದಾಗ ಬೇಸಿಗೆ ಶುರುವಾಗಿತ್ತು. ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದವರು ಶರಣಪ್ಪ. ಯಾವ ಮಾತನ್ನೂ ನೇರವಾಗಿ ಹೇಳುವವರಲ್ಲ. ನನ್ನ ಕೆಲಸಕ್ಕೆ ಕೊಟ್ಟ ಹಳೆಯ ಕಂಪ್ಯೂಟರನ್ನು ತೋರಿಸಿ, "ಇದು ನಮ್ಮ ಕಾಕಾ ಇದ್ದಂಗ್ರಿ ಮೇಡಂ. ಎಬ್ಬಿಸಿದ್ರ ಏಳ್ತದ, ಆದ್ರ ಚಾ ಕುಡಿದು ಬಂದ್ಮ್ಯಾಲ ಎಬ್ಬಿಸ್ರಿ" ಎಂದಿದ್ದರು. ಅದು ನಿಧಾನವಾಗಿತ್ತು, ನಿಜ. ಆದರೆ ಕೆಟ್ಟಿರಲಿಲ್ಲ.

ಮುನೀರಾ ಮತ್ತು ಅವರ ತಾಯಿ ಬಂದದ್ದು ಒಂದು ಮಧ್ಯಾಹ್ನ. ಮುನೀರಾ ಅವರಿಗೆ ನಲವತ್ತರ ಆಸುಪಾಸು. ಹುಟ್ಟಿನಿಂದ ಕಣ್ಣು ಕಾಣದು. ಅಂಧರ ಶಾಲೆಯಲ್ಲಿ ಓದಿ, ಈಗ ಮನೆಯಲ್ಲಿ ಓಣಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ತಾಯಿ ಖೈರುನ್ ಬೀ ಮಗಳ ತೋಳು ಹಿಡಿದಿದ್ದರು. ಯಾರು ಯಾರನ್ನು ಕರೆತಂದಿದ್ದಾರೆ ಎಂದು ಹೇಳುವುದು ಕಷ್ಟವಾಗಿತ್ತು, ಏಕೆಂದರೆ ಮೆಟ್ಟಿಲು ಹತ್ತಿ ಉಸಿರು ಸಿಗದೆ ನಿಂತವರು ತಾಯಿ.

"ಬರ್ರಿ ಖೈರುನಮ್ಮ" ಎಂದರು ಶರಣಪ್ಪ. "ನಿಮ್ಮ ಪುಸ್ತಕ ಈಗ ಮೇಡಂ ಅವ್ರ ಹತ್ರ ಅದ. ಮನಿಗಿ ಕೊಡಂಗಿಲ್ಲ. ಹಾಳಿ ಎಲ್ಲಾ ಹಪ್ಪಳ ಆಗ್ಯಾವ."

"ಹಾಳಿ ಹಪ್ಪಳ ಆದ್ರ ಏನಾಯ್ತು ಶರಣಪ್ಪ? ಕಥಿ ಏನ್ ಮುರಿದಿಲ್ಲಲ್ಲ" ಎಂದು ಆಕೆ ಬೆಂಚಿನ ಮೇಲೆ ಕುಳಿತರು.

ಅವರ ಪುಸ್ತಕ ಎಂದರೆ ಈಗ ಯಾರೂ ಓದದ ಒಂದು ಕಿರು ಕಾದಂಬರಿ. ಒಂದು ಬಾವಿಯ ನೀರಿನ ಜಗಳದಲ್ಲಿ ಮಾತು ಬಿಟ್ಟ ಅಕ್ಕತಂಗಿಯರ ಕಥೆ. ವಿಷಯವನ್ನು ಮುನೀರಾ ವಿವರಿಸಿದರು. ಅವರ ತಂದೆ ಸೊನ್ನದ ಬ್ಯಾರೇಜಿನಲ್ಲಿ ಗೇಟು ಎತ್ತಿ ಇಳಿಸುವ ಕೆಲಸದಲ್ಲಿದ್ದರು. ಪುಸ್ತಕದ ಹುಚ್ಚು. ಸಂಜೆ ಬಸ್ಸಿಳಿದು ಬಂದು, ಊಟದ ಮುಂಚೆ ಮಗಳಿಗೆ ಇದೇ ಗ್ರಂಥಾಲಯದಿಂದ ಒಯ್ದ ಕನ್ನಡ ಕಾದಂಬರಿ ಓದಿ ಹೇಳುತ್ತಿದ್ದರು. ತಾಯಿಗೆ ಸಂತೆಯ ಕನ್ನಡ ಚೆನ್ನಾಗಿ ಬರುತ್ತಿತ್ತು, ಪುಸ್ತಕದ ಕನ್ನಡ ಬರುತ್ತಿರಲಿಲ್ಲ. ಹಾಗಾಗಿ ಅವರು ಸ್ವಲ್ಪ ಓದಿ ನಿಲ್ಲಿಸಿ, ಅಷ್ಟರವರೆಗೆ ಆದದ್ದನ್ನು ಹೆಂಡತಿಗೆ ಮನೆಮಾತಾದ ದಖನಿ ಉರ್ದುವಿನಲ್ಲಿ ಹೇಳಿ, ಆಮೇಲೆ ಮುಂದುವರಿಯುತ್ತಿದ್ದರು. ಆ ಮನೆಯಲ್ಲಿ ಪ್ರತಿ ಕಥೆಯೂ ಹೀಗೆ ಎರಡು ಭಾಷೆಯಲ್ಲಿ, ತುಂಡುತುಂಡಾಗಿ ನಡೆಯುತ್ತಿತ್ತು. ಈ ಪುಸ್ತಕ ಅರ್ಧವಾಗಿದ್ದಾಗ ಅವರು ತೀರಿಕೊಂಡರು. ತಂಗಿ ನಸುಕಿನಲ್ಲೆದ್ದು, ವರ್ಷಗಳ ನಂತರ ಅಕ್ಕನ ಮನೆಗೆ ಹೊರಟಲ್ಲಿಗೆ ಓದು ನಿಂತಿತು.

"ಈಗ ಅಮ್ಮಿಗ ಎದಿ ಆಪರೇಷನ್ ಆಗ್ಬೇಕ್ರಿ" ಎಂದರು ಮುನೀರಾ. "ಸೊಲ್ಲಾಪುರದಾಗ ನಮ್ಮಕ್ಕ ಇರ್ತಾಳ, ಅಲ್ಲೇ ಮಾಡಸ್ತೀವಿ. ದವಾಖಾನಿಯವ್ರು ತಡಾ ಮಾಡಬ್ಯಾಡ್ರಿ ಅಂದಾರ. ಎರಡು ಸಲ ತಾರೀಖು ಕೊಟ್ರು, ಎರಡು ಸಲಾನೂ ಹೋಗ್ಲಿಲ್ಲ. ಕಥಿ ಮುಗೀಲಾರ್ದ ಬರಂಗಿಲ್ಲ ಅಂತ ಕುಂತಾಳ."

ನಾನು ನಕ್ಕಿರಬೇಕು. ಖೈರುನ್ ಬೀ ನನ್ನ ಕಡೆ ತಿರುಗಿದರು.

"ನಗಬ್ಯಾಡ ಬೇಟಿ. ಎದಿ ಕೊಯ್ತಾರ. ಎಚ್ಚರ ಆಗ್ತದೊ ಇಲ್ಲೊ ಯಾರಿಗಿ ಗೊತ್ತು? ಆ ಹುಡುಗಿ ಅಕ್ಕನ ಮನಿ ಮುಟ್ಟಿದಳೊ ಇಲ್ಲೊ ತಿಳೀಲಾರ್ದ ನಾ ಅಲ್ಲಿ ಹೆಂಗ ಮಲಗ್ಲಿ?"

ಹಟಮಾರಿತನ ಎಂದು ಮೊದಲು ಅನ್ನಿಸಿತು. ಆದರೆ ಆಕೆಯ ಕೈ ಬೆಂಚಿನ ಅಂಚನ್ನು ಹಿಡಿದಿದ್ದ ರೀತಿ ನೋಡಿದ ಮೇಲೆ ಹಾಗೆನ್ನಿಸಲಿಲ್ಲ. ಹೆದರಿದವರು ಯಾವುದಾದರೂ ಒಂದನ್ನು ಹಿಡಿದುಕೊಳ್ಳುತ್ತಾರೆ. ಆಕೆ ಇದನ್ನು ಹಿಡಿದುಕೊಂಡಿದ್ದರು. ಮತ್ತೊಂದು ತಾರೀಖು ಕೊಟ್ಟಿದ್ದಾರೆ, ಈ ಸಲ ತಪ್ಪಿದರೆ ಅಮ್ಮಿ ಉಳಿಯುವುದು ಕಷ್ಟ ಎಂದು ಮುನೀರಾ ನನ್ನ ಕಿವಿಯ ಹತ್ತಿರ ಬಂದು ಹೇಳಿದರು. ಕಾಲೇಜು ಹುಡುಗಿಯೊಬ್ಬಳಿಂದ ಓದಿಸಿ ನೋಡಿದ್ದರಂತೆ. ಅವಳು ಎಲ್ಲಿಯೂ ನಿಲ್ಲುತ್ತಿರಲಿಲ್ಲ. ನಿಲ್ಲಿಸಿದರೆ ಮೊಬೈಲು ನೋಡುತ್ತಿದ್ದಳು. ಆಮೇಲೆ ಬರುವುದನ್ನೇ ಬಿಟ್ಟಳು.

ಪುಸ್ತಕವನ್ನು ನಾನು ಆಗಲೇ ಪೂರ್ತಿ ಸ್ಕ್ಯಾನ್ ಮಾಡಿದ್ದೆ. ಮೊದಲ ಅರ್ಧದ ಪಠ್ಯವನ್ನು ತಿದ್ದಿಯೂ ಮುಗಿಸಿದ್ದೆ. ಪಠ್ಯವನ್ನು ಗಟ್ಟಿಯಾಗಿ ಓದುವ ಒಂದು ತಂತ್ರಾಂಶ ಆ ಕಂಪ್ಯೂಟರಿನಲ್ಲಿತ್ತು. ಓದುತ್ತಿರುವ ಸಾಲು ತೆರೆಯ ಮೇಲೆ ಹಳದಿಯಾಗುತ್ತದೆ, ಸ್ಪೇಸ್ ಕೀಲಿ ಒತ್ತಿದರೆ ನಿಲ್ಲುತ್ತದೆ. ಎಳೆ ಸಿಗಲಿ ಎಂದು, ತಂದೆ ಓದಿದ್ದ ಕೊನೆಯ ಎರಡು ಅಧ್ಯಾಯಗಳನ್ನು ಮೊದಲು ಕೇಳಿಸುವುದೆಂದಾಯಿತು. ನಾನು ತಿದ್ದಿದ ಪಠ್ಯವನ್ನು ಹಾಕಿದೆ. ಯಂತ್ರದ ಹೆಣ್ಣುದನಿ ಒಂದೇ ಸಮನೆ ಓದಿಕೊಂಡು ಹೋಯಿತು. ಎಲ್ಲಿ ನಿಲ್ಲಿಸಬೇಕೆಂದು ಮುನೀರಾ ಅವರಿಗೆ ತಿಳಿಯಲಿಲ್ಲ. ತಾಯಿ ಗೋಡೆ ನೋಡುತ್ತಾ ಕುಳಿತರು.

"ಇದೂ ಆ ಕಾಲೇಜು ಹುಡುಗಿ ತಂಗೀನೇ" ಎಂದರು ಖೈರುನ್ ಬೀ.

ಆಗ ನನಗೆ ಒಂದು ವಿಷಯ ನೆನಪಾಯಿತು. ಈ ಪುಸ್ತಕದ ಮೊದಲ ಅರ್ಧದಲ್ಲಿ, ಕೆಲವು ವಾಕ್ಯಗಳ ಕೊನೆಯಲ್ಲಿ ಪೆನ್ಸಿಲಿನ ಸಣ್ಣ ನಿಂತ ಗೀಟುಗಳಿದ್ದವು. ಹಳೆಯ ಪದ್ಯಗಳ ಸಾಲಿನ ಕೊನೆಯಲ್ಲಿ ಅಂಥ ಗೀಟು ಇರುತ್ತದೆಯಲ್ಲ, ತಂತ್ರಾಂಶ ಇವನ್ನೂ ಅದೇ ಎಂದು ತಿಳಿದು ಪಠ್ಯದಲ್ಲಿ ಸೇರಿಸಿತ್ತು. ಗದ್ಯದಲ್ಲಿ ಅವು ಇರಬಾರದು. ನಾನು ಒಂದೊಂದನ್ನೂ ಅಳಿಸಿದ್ದೆ. ತಿದ್ದುವ ಮುಂಚಿನ ಕಡತ ನನ್ನಲ್ಲಿತ್ತು. ಅದನ್ನು ಹಾಕಿದೆ. ಗೀಟು ಬಂದಲ್ಲೆಲ್ಲ ದನಿ ಒಂದು ಉಸಿರಿನಷ್ಟು ತಡೆಯಿತು.

ಮೊದಲ ಗೀಟಿನಲ್ಲಿ ಮುನೀರಾ ತಲೆ ಎತ್ತಿದರು. ಎರಡನೆಯದರಲ್ಲಿ ಅವರ ಕೈ ಮುಂದೆ ಬಂತು. ನಾನು ಅವರ ಬೆರಳನ್ನು ಸ್ಪೇಸ್ ಕೀಲಿಯ ಮೇಲಿಟ್ಟೆ. ಮೂರನೆಯ ತಡೆಯಲ್ಲಿ ಅವರೇ ಒತ್ತಿ ನಿಲ್ಲಿಸಿ, ತಾಯಿಯ ಕಡೆ ತಿರುಗಿ, ದಖನಿಯಲ್ಲಿ ಅದುವರೆಗಿನದನ್ನು ಹೇಳಿದರು. ನಮ್ಮೂರು ಇಜೇರಿಯಲ್ಲಿ ಮನೆಯ ಪಕ್ಕದಲ್ಲೇ ದಖನಿ ಮಾತಾಡುವ ಕುಟುಂಬವಿದ್ದುದರಿಂದ ನನಗೂ ಅರ್ಥವಾಗುತ್ತಿತ್ತು. ಹೇಳಿ ಮುಗಿಸಿ ಮತ್ತೆ ಕೀಲಿ ಒತ್ತಿದರು.

"ನಮ್ಮ ಅಬ್ಬಾ ಇಲ್ಲೇ ನಿಲ್ತಿದ್ರು ನೋಡ್ರಿ. ಖಾಸಾ ಇಲ್ಲೇ" ಎಂದರು. ಎಲ್ಲಿ ನಿಲ್ಲಬೇಕೆಂದು ತಂದೆ ಮೊದಲೇ ಓದಿ ಗೀಟು ಹಾಕಿಕೊಳ್ಳುತ್ತಿದ್ದರೆಂಬುದು ಮಗಳಿಗೆ ಅಂದಿನವರೆಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಯಂತ್ರ ತಪ್ಪಾಗಿ ಓದಿದ್ದರಿಂದ ಗೊತ್ತಾಯಿತು. ನಾನು ಕಸವೆಂದು ತೆಗೆದದ್ದನ್ನು ಅದು ಓದಿನ ಭಾಗವೆಂದು ಉಳಿಸಿಕೊಂಡಿತ್ತು. ಆ ಮಧ್ಯಾಹ್ನ ನನಗೆ ಆದ ಬೆರಗು ಶುದ್ಧ ತಂತ್ರಜ್ಞಾನದ ಬೆರಗು. ಅದಕ್ಕೆ ಕಾರಣವಿತ್ತು, ಪುಟದ ಮೇಲೆ ಬೆರಳಿಟ್ಟು ತೋರಿಸಬಹುದಿತ್ತು.

ನಾನು ಹೇಳಹೊರಟದ್ದು ಮರುದಿನದ್ದು.

ಮರುದಿನದ ಪುಟಗಳು ತಂದೆ ಓದಿರದವು. ಅಲ್ಲಿ ಗೀಟುಗಳಿರಲಿಲ್ಲ. ಬೆಳಿಗ್ಗೆ ಬಂದೊಡನೆ ನಾನು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಳಿದ ಅಷ್ಟೂ ಪುಟಗಳನ್ನು ನೋಡಿದ್ದೆ. ಒತ್ತಿದ ಗುರುತಾಗಲಿ ಅಳಿಸಿದ ಗುರುತಾಗಲಿ ಇರಲಿಲ್ಲ. ಕಂಪ್ಯೂಟರಿನ ಪಠ್ಯದಲ್ಲಿಯೂ ಹುಡುಕಿ ನೋಡಿದೆ, ಒಂದು ಗೀಟೂ ಇರಲಿಲ್ಲ. ಆದ್ದರಿಂದ ನಾನೇ ಕೀಲಿಯ ಮೇಲೆ ಬೆರಳಿಟ್ಟು, ಸರಿ ಕಂಡಲ್ಲಿ ನಿಲ್ಲಿಸುವುದೆಂದು ಮಾತಾಗಿತ್ತು. ಆ ಅರ್ಧವನ್ನು ನಾನಿನ್ನೂ ತಿದ್ದಿರಲಿಲ್ಲ, ಓದಿರಲೂ ಇಲ್ಲ. ಕಥೆ ಎಲ್ಲಿಗೆ ಹೋಗುತ್ತದೆಂದು ನಮ್ಮ ಮೂವರಲ್ಲಿ ಯಾರಿಗೂ ತಿಳಿದಿರಲಿಲ್ಲ.

ಊಟದ ನಂತರ ಶುರುಮಾಡಿದೆವು. ಶರಣಪ್ಪ ಬಾಗಿಲ ಹತ್ತಿರ ತಮ್ಮ ಮೇಜಿನಲ್ಲಿದ್ದರು. ತಂಗಿ ಹೊಲದ ದಾರಿ ಹಿಡಿದು ನಡೆಯುತ್ತಾಳೆ. ದಾರಿಯಲ್ಲಿ ಸಿಕ್ಕವರು ಮಾತಾಡಿಸುತ್ತಾರೆ. ಇಲ್ಲಿ ನಿಲ್ಲಿಸೋಣವೆಂದು ನಾನು ಅಂದುಕೊಳ್ಳುವಷ್ಟರಲ್ಲಿ ದನಿ ನಿಂತಿತು. ನಾನು ಒತ್ತಿರಲಿಲ್ಲ. ಮುನೀರಾ ಸಹಜವಾಗಿ ತಾಯಿಗೆ ಹೇಳಿದರು. ಅವರು ಮುಗಿಸಿದ ಕೂಡಲೇ ದನಿ ಮತ್ತೆ ಹೊರಟಿತು. ತಿಳಿಯದೆ ಬೆರಳು ಒತ್ತಿರಬೇಕೆಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಹಾಗೆಯೇ ಆಯಿತು. ಆಗ ಕೀಲಿಮಣೆಯನ್ನು ಮೇಜಿನ ಆಚೆಗೆ ಸರಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡೆ. ಮೂರನೆಯ ಸಲವೂ ನಿಂತಿತು.

"ಏನ್ರಿ ಮೇಡಂ, ಕಾಕಾ ದಮ್ಮ ತಗೊಳ್ಳಾಕತ್ತಾನ?" ಎಂದು ಶರಣಪ್ಪ ಅಲ್ಲಿಂದಲೇ ಕೇಳಿದರು.

ಇರಬಹುದು ಎಂದೆ. ಹಳೆಯ ಯಂತ್ರ, ತಿದ್ದದ ಕಡತ. ನಡುನಡುವೆ ತಡವರಿಸುವುದು ಅಸಾಧ್ಯವೇನಲ್ಲ. ಆದರೆ ತಡವರಿಸುವ ಯಂತ್ರ ಪದದ ಮಧ್ಯೆ ನಿಲ್ಲುತ್ತದೆ, ಎಲ್ಲೆಂದರಲ್ಲಿ ನಿಲ್ಲುತ್ತದೆ. ಇದು ಒಂದು ಸಂಗತಿ ಮುಗಿದಲ್ಲಿ ನಿಲ್ಲುತ್ತಿತ್ತು. ಮುನೀರಾ ಎರಡು ಮಾತಿನಲ್ಲಿ ಹೇಳಿದರೆ ಎರಡು ಮಾತಿನಷ್ಟು ಹೊತ್ತು, ತಾಯಿ ನಡುವೆ ಪ್ರಶ್ನೆ ಕೇಳಿದರೆ ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ. ಆ ಕಂಪ್ಯೂಟರಿಗೆ ಮೈಕ್ ಇರಲಿಲ್ಲ, ಇಂಟರ್‌ನೆಟ್ ಇರಲಿಲ್ಲ. ಅದಕ್ಕೆ ನಮ್ಮ ಮಾತು ಕೇಳಿಸುವ ಯಾವ ದಾರಿಯೂ ಇರಲಿಲ್ಲ.

ಇಳಿಹೊತ್ತಿನ ಅಸರ್ ನಮಾಜಿನ ಸಮಯವಾಯಿತು. ಆಜಾನ್ ಕೇಳಿಸುವುದಕ್ಕೆ ತುಸು ಮುಂಚೆ ದನಿ ನಿಂತಿತ್ತು. ಮುನೀರಾ ಹೇಳಿ ಮುಗಿಸಿದರೂ ಈ ಸಲ ಅದು ಹೊರಡಲಿಲ್ಲ. ಖೈರುನ್ ಬೀ ಎದ್ದು, ಗೋಡೆ ಹಿಡಿದುಕೊಂಡು ಹಿಂದಿನ ಪಡಸಾಲೆಗೆ ಹೋದರು. ಹಳದಿ ಸಾಲು ತೆರೆಯ ಮೇಲೆ ಹಾಗೆಯೇ ಇತ್ತು. ಯಂತ್ರ ಕೆಟ್ಟಿತೆಂದು ನಾನು ಕೀಲಿಮಣೆಯ ಕಡೆ ಕೈ ಚಾಚಿದೆ. ಮುನೀರಾ ನನ್ನ ಮಣಿಕಟ್ಟು ಹಿಡಿದರು. ಕಾಣದವರು ಅಷ್ಟು ಸರಿಯಾಗಿ ಹೇಗೆ ಹಿಡಿದರೋ.

"ಇರ್ರಿ ಮೇಡಂ. ಅಮ್ಮಿ ಬರ್ಲಿ."

ನಾವು ಕಾದೆವು. ಫ್ಯಾನಿನ ಸದ್ದು, ಹೊರಗೆ ಕಬ್ಬಿನ ಟ್ರ್ಯಾಕ್ಟರಿನ ಸದ್ದು. ಆಕೆ ಬಂದು, ಕುಳಿತು, ಸೆರಗು ಸರಿಮಾಡಿಕೊಂಡು, "ಹೌ, ಬೋಲ್" ಎಂದರು, ಹೂಂ, ಹೇಳು ಎಂದು. ಮಗಳಿಗೆ ಹೇಳಿದರೋ ಯಂತ್ರಕ್ಕೆ ಹೇಳಿದರೋ. ದನಿ ಹೊರಟಿತು.

ಆಗ ನನಗೆ ಭಯವಾಗಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಆದದ್ದು ಬೇರೆ. ಒಬ್ಬ ಒಳ್ಳೆಯ ಕೆಲಸಗಾರ ಪಕ್ಕದಲ್ಲಿ ಕುಳಿತು ಕೆಲಸ ಮಾಡುವಾಗ ನಮಗಾಗುವ ಸಮಾಧಾನದಂಥದ್ದು. ನಾನು ಯೋಚಿಸುವುದನ್ನು ನಿಲ್ಲಿಸಿ ಕಥೆ ಕೇಳತೊಡಗಿದೆ.

ತಂಗಿ ಅಕ್ಕನ ಊರು ಮುಟ್ಟಿದಳು. ಅಂಗಳದಲ್ಲಿ ಜನ ನಿಂತಿದ್ದರು. ಅಕ್ಕ ಆ ಬೆಳಿಗ್ಗೆಯೇ ಸತ್ತಿದ್ದಳು; ಪುಸ್ತಕದ ಮಾತು 'ಅಸುನೀಗಿದ್ದಳು' ಎಂದಿತ್ತು.

ಅಲ್ಲಿ ದನಿ ನಿಂತಿತು.

ಮುನೀರಾ ಅವರ ಸ್ಥಾನದಲ್ಲಿ ಯಾರಿದ್ದರೂ ಅವರು ಮಾಡಿದ್ದನ್ನೇ ಮಾಡುತ್ತಿದ್ದರು. ನಾಲ್ಕು ದಿನದಲ್ಲಿ ಎದೆ ಕೊಯ್ಯಿಸಿಕೊಳ್ಳಬೇಕಾದ ತಾಯಿಗೆ, ಇಷ್ಟು ಕಾಲ ಕಾದ ಕಥೆಯ ಕೊನೆಯಲ್ಲಿ ಸಾವು ಹೇಳುವುದು ಹೇಗೆ? ಅವರು ತಿಳಿಯಾದ ದನಿಯಲ್ಲಿ ದಖನಿಯಲ್ಲಿ ಹೇಳಿದರು: ತಂಗಿ ಮನೆ ಮುಟ್ಟಿದಳು ಅಮ್ಮಿ. ಅಕ್ಕ ಒಳಗೆ ಮಲಗಿದ್ದಾಳೆ. ನಿದ್ದೆ ಹತ್ತಿದೆ.

ದನಿ ಹೊರಡಲಿಲ್ಲ.

ಖೈರುನ್ ಬೀ ಕಾದರು. "ಫಿರ್?" ಎಂದರು. ಆಮೇಲೆ?

"ಎಬ್ಬಿಸುತ್ತಾರಂತೆ" ಎಂದು ಮುನೀರಾ ದಖನಿಯಲ್ಲೇ ಸೇರಿಸಿದರು. ಹಳದಿ ಸಾಲು ಅಲ್ಲಾಡಲಿಲ್ಲ. ಅವರು ನನ್ನ ಕಡೆ ತಿರುಗಿ, ಈಗ ಒತ್ತಿರಿ ಎಂಬಂತೆ ಕೈ ಮಾಡಿದರು. ನಾನು ಕೀಲಿಮಣೆ ಎಳೆದುಕೊಂಡು ಸ್ಪೇಸ್ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಮೌಸಿನ ಬಾಣ ತೆರೆಯ ಮೇಲೆ ಎಂದಿನಂತೆ ಓಡಾಡುತ್ತಿತ್ತು, ಗಡಿಯಾರದ ಅಂಕಿ ಬದಲಾಗುತ್ತಿತ್ತು. ಯಂತ್ರ ಕೆಟ್ಟಿರಲಿಲ್ಲ. ಓದು ಮಾತ್ರ ನಿಂತಿತ್ತು.

ಕೊನೆಗೆ ಮುನೀರಾ ಕಪ್ಪು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎರಡೂ ಕೈಯಲ್ಲಿ ತಾಯಿಯ ಕೈ ಹುಡುಕಿ ಹಿಡಿದುಕೊಂಡು ಹೇಳಿದರು: ಇಲ್ಲ ಅಮ್ಮಿ. ನಿದ್ದೆಯಲ್ಲ. ತೀರಿಕೊಂಡಿದ್ದಾಳೆ. ಇವಳು ಬರುವ ಮುಂಚೆಯೇ.

ಖೈರುನ್ ಬೀ ಮಗಳ ಕೈಯನ್ನು ಒಮ್ಮೆ ತಟ್ಟಿ, ನಾನು ಕನ್ನಡದವಳು ಎಂದು ನೆನಪಾದವರಂತೆ ನನಗೂ ತಿಳಿಯಲೆಂದು ಕನ್ನಡದಲ್ಲಿ ಹೇಳಿದರು. "ಗೊತ್ತಾತು. ಮುಂದ ಹೇಳ್ಲಿ."

ದನಿ ಹೊರಟಿತು.

ಮುಂದೆ ಇದ್ದದ್ದು ಒಂದೇ ಅಧ್ಯಾಯ. ಅಕ್ಕ ಸಾಯುವ ಮುಂಚೆ ತನ್ನ ಮಗಳಿಗೆ, ಚಿಕ್ಕಮ್ಮ ಬಂದೇ ಬರುತ್ತಾಳೆ, ದಣಿದು ಬಂದಿರುತ್ತಾಳೆ, ಬಂದ ಕೂಡಲೇ ಅದೇ ಬಾವಿಯ ನೀರು ಸೇದಿ ಕೊಡು ಎಂದು ಹೇಳಿರುತ್ತಾಳೆ. ಹುಡುಗಿ ಕೊಡ ತುಂಬಿ ತರುತ್ತಾಳೆ, ತಂಗಿ ಕುಡಿಯುತ್ತಾಳೆ. ಅಕ್ಕ ನಿದ್ದೆಯಲ್ಲಿದ್ದಾಳೆಂದು ಹೇಳಿದ್ದರೆ ಈ ಅಧ್ಯಾಯಕ್ಕೆ ಅರ್ಥವೇ ಇರುತ್ತಿರಲಿಲ್ಲ. ಅದನ್ನು ಕೇಳಿದಾಗ ಖೈರುನ್ ಬೀ ಅತ್ತರು, ಆದರೆ ಹೆದರಿದವರ ಅಳುವಲ್ಲ. "ನೀರು ಕುಡಿದ್ಳಲ್ಲ, ಸಾಕು" ಎಂದರು. ಎದ್ದು ನಿಂತು, "ನಡೀ ಮುನ್ನಿ, ಬ್ಯಾಗ್ ತುಂಬಬೇಕು" ಎಂದರು. ಆ ವಾರ ಅವರು ಸೊಲ್ಲಾಪುರಕ್ಕೆ ಹೋದರು. ಆಪರೇಷನ್ ಆಯಿತು.

ನಾನು ಮಾಡಬೇಕಾದ್ದನ್ನೆಲ್ಲ ಮಾಡಿದೆ. ಮರುದಿನ ಅದೇ ಕಂಪ್ಯೂಟರಿನಲ್ಲಿ ಅದೇ ಕಡತವನ್ನು ಓದಿಸಿದೆ. ಮೊದಲಿನಿಂದ ಕೊನೆಯವರೆಗೆ ಎಲ್ಲಿಯೂ ನಿಲ್ಲದೆ ಓದಿತು. ಒಬ್ಬಳೇ ಕುಳಿತು ಓದಿಸಿದೆ, ಶರಣಪ್ಪ ಅವರನ್ನು ಕೂರಿಸಿಕೊಂಡು ಓದಿಸಿದೆ. ಅಕ್ಕ ಸತ್ತ ವಾಕ್ಯವನ್ನು ಉಳಿದ ವಾಕ್ಯಗಳಂತೆಯೇ ಓದಿ ದಾಟಿಹೋಯಿತು. ಆಮೇಲೆ ಜೇವರ್ಗಿಗೆ ಹೋದಾಗ ಅಲ್ಲಿ ಅದೇ ಪುಸ್ತಕದ ಇನ್ನೊಂದು ಪ್ರತಿ ಸಿಕ್ಕಿತು. ಅದನ್ನೂ ಸ್ಕ್ಯಾನ್ ಮಾಡಿ, ಅದೇ ತಂತ್ರಾಂಶದಿಂದ ಓದಿಸಿದೆ. ಅದೂ ನಿಲ್ಲಲಿಲ್ಲ. ಕಂಪ್ಯೂಟರ್ ಓದಿದ ಗೆಳತಿಯೊಬ್ಬಳಿಗೆ ಕೇಳಿದೆ. ಮೆಮೊರಿ ತುಂಬಿದಾಗ ಹೀಗಾಗುತ್ತದೆ, ನಿಂತದ್ದಕ್ಕೆ ಅರ್ಥ ಕೊಟ್ಟವರು ನೀವು ಎಂದಳು. ಒಳ್ಳೆಯ ಉತ್ತರ. ಬೇರೆಯವರು ಈ ಕಥೆ ಹೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಶರಣಪ್ಪ ಅವರದ್ದು ಬೇರೆ ತೀರ್ಮಾನವಾಗಿತ್ತು. "ಹೆಂಡ್ತಿ ಆಪರೇಷನ್ ತಪ್ಪಬಾರ್ದು ಅಂತ ಸಾಹೇಬ್ರೇ ಬಂದಿದ್ರು ತಗೋರಿ. ಅರ್ಧಾ ಬಿಟ್ಟ ಕೆಲಸ ಮುಗಿಸಿ ಹೋದ್ರು." ನಾನು ಒಪ್ಪಲಿಲ್ಲ. ಆದರೆ ಬಹಳ ದಿನ ಮನಸ್ಸಿನ ಒಂದು ಮೂಲೆಯಲ್ಲಿ, ಯಾರಿಗೂ ಹೇಳದೆ, ನಾನೂ ಅದೇ ಉತ್ತರವನ್ನು ಇಟ್ಟುಕೊಂಡಿದ್ದೆ. ಅದು ಕೇಳಲು ಚೆನ್ನಾಗಿತ್ತು.

ಕೆಲವು ತಿಂಗಳ ನಂತರ ಅಫಜಲಪುರಕ್ಕೆ ಹೋದಾಗ ಅವರ ಮನೆಗೆ ಹೋದೆ. ಮುನೀರಾ ಒಳಗೆ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದರು. ಖೈರುನ್ ಬೀ ಹೊರಗೆ ಮಂಚದ ಮೇಲೆ ಕುಳಿತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಮೊದಲಿಗಿಂತ ತೆಳ್ಳಗಾಗಿದ್ದರು, ಉಸಿರು ಸರಾಗವಾಗಿತ್ತು. ನನ್ನ ಕೈಗೂ ಒಂದು ಗಡ್ಡೆ ಬೆಳ್ಳುಳ್ಳಿ ಕೊಟ್ಟರು. ಸ್ವಲ್ಪ ಹೊತ್ತು ಬಿಡಿಸಿ, ನಾನು ಕೇಳಿಯೇಬಿಟ್ಟೆ. ಅಂದು ನಿಂತು ನಿಂತು ಓದಿದ್ದು ನಿಮ್ಮ ಯಜಮಾನರೇ ಎಂದು ಶರಣಪ್ಪ ಹೇಳುತ್ತಾರೆ, ನಿಮಗೂ ಹಾಗೆ ಅನ್ನಿಸಿತೇ ಎಂದು.

ಆಕೆ ನಕ್ಕರು.

"ಅವ್ರಾ? ನಾ ನಮಾಜಿಗಿ ಎದ್ರ ಅವ್ರು ನಿಲ್ತಿರ್ಲಿಲ್ಲ ಬೇಟಿ. ಮುಂದ ಓದೇ ಬಿಡ್ತಿದ್ರು. ಬಂದು ಕೇಳಿದ್ರ, ಏನೂ ಆಗಿಲ್ಲ ಕುಂದ್ರು ಅಂತಿದ್ರು. ಅವ್ರಿಗಿ ಅಷ್ಟು ಸಬೂರಿ ಎಲ್ಲಿತ್ತು?"

ಸಿಪ್ಪೆಯನ್ನು ಊದಿ, ಒಳಗೆ ಮಗಳಿಗೆ ಕೇಳಿಸದಂತೆ ದನಿ ತಗ್ಗಿಸಿದರು.

"ಇನ್ನೊಂದು ಹೇಳ್ತೇನಿ. ಮುನ್ನಿ ಅವತ್ತು ಸುಳ್ಳು ಹೇಳಿದ್ಳಲ್ಲ, ಅದು ಅವ್ರಿಂದನೇ ಕಲ್ತಿದ್ದು. ಮದುವಿ ಆದಾಗಿಂದ ಎಷ್ಟು ಪುಸ್ತಕ ಓದಿ ಹೇಳಿದ್ರೊ ಲೆಕ್ಕಿಲ್ಲ. ಒಂದ್ರಾಗೂ ಯಾರೂ ಸತ್ತಿಲ್ಲ. ಎಲ್ರೂ ಊರಿಗಿ ಹೋಗ್ತಿದ್ರು, ಇಲ್ಲಾ ನಿದ್ದಿ ಹತ್ತಿರ್ತಿತ್ತು. ಇಷ್ಟು ಪುಸ್ತಕದಾಗ ಒಬ್ರೂ ಸಾಯಂಗಿಲ್ಲೇನು? ನನಗ ತಿಳೀತಿತ್ತು. ಸುಮ್ನಿರ್ತಿದ್ದೆ. ನಾ ಅಳಬಾರ್ದು ಅಂತ ಅವ್ರ ಆಸೆ." ಆಕೆ ಮತ್ತೊಂದು ಎಸಳು ಬಿಡಿಸಿದರು. "ಅವ್ರೇ ಇದ್ದಿದ್ರ ಆ ಅಕ್ಕ ಇನ್ನೂ ಮಲಗೇ ಇರ್ತಿದ್ಳು."

ನಾನು ಬೆಳ್ಳುಳ್ಳಿ ಬಿಡಿಸಿದೆ. ನನ್ನಲ್ಲಿ ಉಳಿದಿದ್ದ ಒಂದು ಉತ್ತರವನ್ನೂ ಆಕೆ ಹಾಗೆ ತೆಗೆದುಕೊಂಡುಬಿಟ್ಟರು. ಮತ್ತೆ ಯಾರು, ಏನು ಎಂದು ನಾನು ಕೇಳಲಿಲ್ಲ. ಆಕೆಗೆ ಅದು ತಿಳಿಯಬೇಕೆಂಬ ಅವಸರವೂ ಇದ್ದಂತೆ ಕಾಣಲಿಲ್ಲ. ಒಳಗೆ ಮಕ್ಕಳ ಮಗ್ಗಿ ತಪ್ಪಿತು. ಮುನೀರಾ ತಡೆದು, ಮಕ್ಕಳು ತಾವಾಗಿ ಸರಿಯಾದದ್ದನ್ನು ಹೇಳುವವರೆಗೆ ಕಾದರು.